ಎಲೆ ಯಾವುದರ ಮೇಲೆ ಹರಡಬೇಕು? ಕಾರ್ಡ್ ಜಾದೂ ಅಭ್ಯಾಸದ ಮ್ಯಾಟ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಕಾರ್ಡ್ ಜಾದೂ ಕಲಿಯುವವರು ಮೊದಲು ಕೇಳುವುದು ಯಾವ ಪ್ಯಾಕ್ ತಗೊಳ್ಳಲಿ ಅಂತ. ಸ್ವಲ್ಪ ದಿನ ಕಳೆದ ಮೇಲೆ ಬರುವ ಪ್ರಶ್ನೆಗಳೇ ಬೇರೆ. ಎಲೆ ಹರಡಿದರೆ ಮಧ್ಯದಲ್ಲಿ ಗುಂಪು ಕಟ್ಟುತ್ತದೆ, ಟೇಬಲ್ ಮೇಲೆ ಬಿದ್ದ ಒಂದು ಎಲೆ ಎತ್ತಲು ಉಗುರಲ್ಲಿ ಕೆರೆಯಬೇಕಾಗುತ್ತದೆ, ಎರಡು ಎಲೆಯನ್ನು ಒಂದೇ ಎಂಬಂತೆ ಕೆಳಗಿಟ್ಟರೆ ಜಾರಿ ಬೇರೆಯಾಗಿ ಗುಟ್ಟು ಬಯಲಾಗುತ್ತದೆ. ಇದರಲ್ಲಿ ಅರ್ಧ ತಪ್ಪು ಕೈಯದ್ದಲ್ಲ, ಕೆಳಗಿರುವ ಟೇಬಲ್ಲಿನದು. ಕುದ್ರೋಳಿ ಗಣೇಶ್ ಥರದವರು ಮಾಡುವ ಸ್ಟೇಜ್ ಜಾದೂಗೆ ಈ ತಲೆನೋವು ಅಷ್ಟಿಲ್ಲ. ಇಲ್ಲಿ ಹೇಳುತ್ತಿರುವುದು ಎದುರಿಗೆ ಕೂತವರ ಕೈಗೆಟುಕುವಷ್ಟು ಹತ್ತಿರದಲ್ಲಿ, ಟೇಬಲ್ ಮೇಲೆ ಮಾಡುವ ಕೈಚಳಕದ ವಿಷಯ.

ಮ್ಯಾಟ್ ನಿಜಕ್ಕೂ ಬೇಕಾ? ಸುಮ್ನೆ ಟೇಬಲ್ ಮೇಲೆ ಮಾಡಿದರೆ ಆಗಲ್ವಾ?

ಆಗುತ್ತದೆ. ಆದರೆ ಕಷ್ಟ ಜಾಸ್ತಿ, ಕಲಿಯುವಾಗ ಆ ಕಷ್ಟ ಬೇಕಾಗಿಲ್ಲ.

ಒಂದು ಎಲೆಯ ದಪ್ಪ ಸುಮಾರು 0.3 ಮಿಲಿಮೀಟರ್. ಸನ್‌ಮೈಕಾ ಹಾಕಿದ ಟೇಬಲ್ ಮೇಲೆ ಅದನ್ನು ಬೋರಲಾಗಿ ಇಟ್ಟು ಎತ್ತಿ ನೋಡಿ. ಬೆರಳ ತುದಿ ಅಂಚಿನ ಕೆಳಗೆ ಹೋಗುವುದೇ ಇಲ್ಲ. ಕೆರೆದು ಕೆರೆದು, ಕೊನೆಗೆ ಟೇಬಲ್ ಅಂಚಿನವರೆಗೆ ಎಳೆದು ತಂದು, ಅರ್ಧ ಹೊರಗೆ ಬಂದ ಮೇಲೆ ಹಿಡಿಯುತ್ತೀರಿ. ಈಗ ಅದೇ ಎಲೆಯನ್ನು ಮೆತ್ತಗಿನ ಮ್ಯಾಟ್ ಮೇಲಿಟ್ಟು ನಿಮ್ಮ ಕಡೆಯ ಅಂಚಿನ ಪಕ್ಕದಲ್ಲಿ ಹೆಬ್ಬೆರಳಿಂದ ಒತ್ತಿ. ಮ್ಯಾಟ್ ಅಲ್ಲಿ ತಗ್ಗುತ್ತದೆ, ಹೆಬ್ಬೆರಳಿನ ತುದಿ ಎಲೆಯ ಕೆಳಗೆ ತಾನಾಗಿ ನುಸುಳುತ್ತದೆ, ಎಲೆ ಮೇಲೇಳುತ್ತದೆ. ಅಷ್ಟೇ. ನೋಡುವವರಿಗೆ ಅದು ಎಲೆ ಎತ್ತಿದ್ದು ಅಂತ ಗಮನಕ್ಕೂ ಬರುವುದಿಲ್ಲ. ನಮಗೆ ಬೇಕಾಗಿರುವುದೂ ಅದೇ ಅಲ್ವಾ?

ಇನ್ನೊಂದು ಕಾರಣ ಇದೆ. ಗಟ್ಟಿ ಟೇಬಲ್ ಮೇಲೆ ಕಲಿತವರು ಎಲೆ ಎತ್ತುವಾಗ ಬೆರಳು ಬಿಗಿ ಮಾಡುತ್ತಾರೆ. ಆ ಬಿಗಿ ಆಮೇಲೆ ಎಲ್ಲ ಕಡೆ ಬರುತ್ತದೆ. ಕೈ ಸಡಿಲವಾಗಿರುವುದನ್ನು ಮೊದಲು ಕಲಿಸಿ, ಆಮೇಲೆ ಕಷ್ಟದ ಜಾಗಕ್ಕೆ ಕರೆದುಕೊಂಡು ಹೋಗುವುದು ವಾಸಿ.

ಒಳ್ಳೆ ಮ್ಯಾಟ್ ಅಂತ ಅಂಗಡಿಯಲ್ಲಿ ನಿಂತು ಹೇಗೆ ಕಂಡುಹಿಡಿಯುವುದು?

ಜೇಬಲ್ಲಿ ಒಂದು ಪ್ಯಾಕ್ ಇಟ್ಟುಕೊಂಡೇ ಹೋಗಿ. ಬೆಲೆ, ಹೆಸರು, ಪೊಟ್ಟಣದ ಮೇಲಿನ ಚಿತ್ರ, ಯಾವುದನ್ನೂ ನೋಡಬೇಡಿ. ಬೆರಳಿಗೆ ಎರಡೇ ವಿಷಯ ಗೊತ್ತಾಗಬೇಕು: ಒತ್ತಿದರೆ ಎಷ್ಟು ತಗ್ಗುತ್ತದೆ, ಎಳೆದರೆ ಎಷ್ಟು ಹಿಡಿಯುತ್ತದೆ.

ತಗ್ಗುವುದಕ್ಕೆ ಮೇಲೆ ಹೇಳಿದ ಪರೀಕ್ಷೆ ಸಾಕು. ಒಂದೇ ಎಲೆ ಇಡಿ, ಎತ್ತಿ. ತಡಕಾಡದೆ ಬಂದರೆ ಸರಿ. ಒತ್ತಿದ ಗುರುತು ತಕ್ಷಣ ಮಾಯವಾಗಬೇಕು. ಹಳ್ಳ ಹಾಗೇ ಉಳಿದರೆ ಅದು ಕೆಳದರ್ಜೆ ಫೋಮ್, ಕೆಲವು ತಿಂಗಳಲ್ಲಿ ಚಪ್ಪಟೆಯಾಗುತ್ತದೆ.

ಹಿಡಿಯುವುದಕ್ಕೆ ಇಡೀ ಕಟ್ಟನ್ನು ಮ್ಯಾಟ್ ಮೇಲಿಟ್ಟು ಮೇಲಿನ ಅರ್ಧವನ್ನು ಪಕ್ಕದಿಂದ ಒಂದು ಬೆರಳಲ್ಲಿ ನಿಧಾನವಾಗಿ ತಳ್ಳಿ. ಮೇಲಿನ ಅರ್ಧ ಮಾತ್ರ ಸರಿಯಬೇಕು, ಕೆಳಗಿನ ಎಲೆ ಕೂತಲ್ಲೇ ಕೂತಿರಬೇಕು. ಇಡೀ ಕಟ್ಟೇ ಹೊರಟುಬಿಟ್ಟರೆ ಜಾರು ಜಾಸ್ತಿ. ಆಮೇಲೆ ಒಮ್ಮೆ ಪೂರ್ತಿ ಹರಡಿ. ಕೆಳಗಿನ ಎಲೆ ಅತಿಯಾಗಿ ಅಂಟಿಕೊಂಡು ಹರಡುವುದೇ ನಿಂತರೆ, ಅಲ್ಲಲ್ಲಿ ಗುಂಪು ಬಿದ್ದರೆ, ಬಟ್ಟೆ ಒರಟು ಅಂತ ಅರ್ಥ.

ಅಂಗಡಿಯವರು ವಿಚಿತ್ರವಾಗಿ ನೋಡುತ್ತಾರೆ. ನೋಡಲಿ ಬಿಡಿ.

ಜಾದೂಗಾರರಿಗೆ ಅಂತಲೇ ಮಾರುವ ಮ್ಯಾಟ್‌ನಲ್ಲಿ ಅಂಥದ್ದೇನಿದೆ?

ಎರಡು ಪದರ. ಮೇಲೆ ನಯವಾದ, ಸಣ್ಣ ಕೂದಲಿನ ಬಟ್ಟೆ, ಸಾಮಾನ್ಯವಾಗಿ ಕೃತಕ ಸ್ವೀಡ್ ಅಥವಾ ವೆಲ್ವೆಟ್ ಥರದ್ದು. ಕೆಳಗೆ ಕೆಲವು ಮಿಲಿಮೀಟರ್ ದಪ್ಪದ ರಬ್ಬರ್ ಅಥವಾ ನಿಯೋಪ್ರೀನ್ ಫೋಮ್. ನಿಯೋಪ್ರೀನ್ ಅಂದರೆ 1930ರಲ್ಲಿ ಅಮೆರಿಕದ ಡ್ಯುಪಾಂಟ್ ಕಂಪನಿಯ ಪ್ರಯೋಗಾಲಯದಲ್ಲಿ ಹುಟ್ಟಿದ ಕೃತಕ ರಬ್ಬರ್. ಮುಳುಗುಗಾರರು ಹಾಕುವ ಬಿಗಿ ಸೂಟ್‌ಗೆ ಬಳಸುವುದೂ ಇದರ ಫೋಮನ್ನೇ. ಒತ್ತಿದರೆ ತಗ್ಗಿ ತಕ್ಷಣ ಮೊದಲಿನಂತಾಗುತ್ತದೆ, ತನ್ನ ತೂಕಕ್ಕೇ ಟೇಬಲ್ ಮೇಲೆ ಅಲುಗಾಡದೆ ಕೂರುತ್ತದೆ. ಗುಟ್ಟು ಇಷ್ಟೇ. ಮಿಕ್ಕ ಹಣ ಅಂಚಿನ ಹೊಲಿಗೆ, ಹೆಸರು ಮತ್ತು ಸಾಗಣೆಗೆ ಹೋಗುತ್ತದೆ.

ಕೊಳ್ಳಬೇಡಿ ಅಂತ ಹೇಳುತ್ತಿಲ್ಲ. ಒಳ್ಳೆಯದು ನಿಜಕ್ಕೂ ಒಳ್ಳೆಯದು, ವರ್ಷಗಟ್ಟಲೆ ಬರುತ್ತದೆ. ಮೊದಲ ದಿನವೇ ಬೇಡ ಅಂತ ಅಷ್ಟೇ.

ಎಷ್ಟು ದೊಡ್ಡದು ಬೇಕು?

ಲೆಕ್ಕ ಸುಲಭ. ಜಾದೂಗಾರರು ಹೆಚ್ಚಾಗಿ ಬಳಸುವ ಪೋಕರ್ ಅಳತೆಯ ಎಲೆ 63 ಮಿಲಿಮೀಟರ್ ಅಗಲ, 88 ಮಿಲಿಮೀಟರ್ ಉದ್ದ. 52 ಎಲೆ ಹರಡಿದರೆ ನಡುವೆ 51 ಅಂತರ. ಒಂದೊಂದು ಎಲೆ 1 ಸೆಂಟಿಮೀಟರ್ ಕಾಣುವಂತೆ ಹರಡಿದರೆ 51 ಸೆಂಟಿಮೀಟರ್, ಜೊತೆಗೆ ಕೊನೆಯ ಎಲೆಯ ಅಗಲ, ಒಟ್ಟು 57ರ ಆಸುಪಾಸು. ಸ್ವಲ್ಪ ಒತ್ತಾಗಿ 6 ಮಿಲಿಮೀಟರ್ ಅಂತರದಲ್ಲಿ ಹರಡಿದರೆ 37 ಸೆಂಟಿಮೀಟರಿಗೆ ಮುಗಿಯುತ್ತದೆ.

ಅಂದರೆ 16 ಇಂಚು ಅಗಲದ ಮ್ಯಾಟ್ ಇಕ್ಕಟ್ಟಾದರೂ ಸಾಕು, 23 ಇಂಚಿನದ್ದು ಆರಾಮ. ಆಳ 11 ಇಂಚಿಗಿಂತ ಕಡಿಮೆ ಆದರೆ ಮಣಿಕಟ್ಟು ಮ್ಯಾಟ್‌ನಿಂದ ಹೊರಗೆ, ಬೆರಳು ಒಳಗೆ ಅಂತ ಆಗಿ ಕೈ ಓರೆಯಾಗುತ್ತದೆ. ತುಂಬಾ ದೊಡ್ಡದು ತಗೊಂಡು ಆಮೇಲೆ ಹಾಸಲು ಜಾಗವಿಲ್ಲದೆ ಅಟ್ಟಕ್ಕೆ ಸೇರಿಸಿದವರೂ ಇದ್ದಾರೆ. ನಿಮ್ಮ ಟೇಬಲ್ ಅಳತೆ ಮೊದಲು ತೆಗೆದುಕೊಳ್ಳಿ.

ಗೇಮಿಂಗ್ ಮೌಸ್ ಪ್ಯಾಡ್ ನಡೆಯುತ್ತದಾ?

ನಡೆಯುತ್ತದೆ, ಚೆನ್ನಾಗಿಯೇ ನಡೆಯುತ್ತದೆ. ಶುರು ಮಾಡುವವರಿಗೆ ನಾನು ಹೇಳುವ ಮೊದಲ ಹೆಸರೇ ಅದು. ಕೀಬೋರ್ಡ್ ಮತ್ತು ಮೌಸ್ ಎರಡೂ ಕೂರುವಂಥ ಉದ್ದದ ಪ್ಯಾಡ್ ಸಿಗುತ್ತದಲ್ಲ, 80 ಸೆಂಟಿಮೀಟರ್ ಉದ್ದ, 30 ಸೆಂಟಿಮೀಟರ್ ಅಗಲ, ಅದು. ಮೇಲೆ ಬಟ್ಟೆ, ಕೆಳಗೆ ರಬ್ಬರ್, ಅದೇ ಎರಡು ಪದರ. ಬೆಂಗಳೂರಿನವರಾದರೆ ಎಸ್.ಪಿ. ರಸ್ತೆಯಲ್ಲಿ ಕೈಯಲ್ಲಿ ಮುಟ್ಟಿ ನೋಡಿ ತರಬಹುದು.

ನೋಡಬೇಕಾದ್ದು ಮೂರು. ದಪ್ಪ 4 ಮಿಲಿಮೀಟರ್ ಆದರೂ ಇರಲಿ. 2 ಮಿಲಿಮೀಟರಿನದ್ದು ಇದ್ದೂ ಇಲ್ಲದಂತೆ. ಮೇಲ್ಭಾಗ ಬಟ್ಟೆಯದೇ ಆಗಿರಲಿ. ಮೌಸ್ ವೇಗವಾಗಿ ಓಡಲಿ ಅಂತ ಗಟ್ಟಿ ಪ್ಲಾಸ್ಟಿಕ್ ಮೇಲ್ಮೈ ಹಾಕಿದ್ದು ಬರುತ್ತದೆ, ಲೆದರ್ ಥರದ್ದೂ ಬರುತ್ತದೆ, ಅವೆರಡೂ ಬೇಡ. ಮೂರನೆಯದು, ಡ್ರ್ಯಾಗನ್, ಬಂದೂಕು, ಬೆಂಕಿ ಜ್ವಾಲೆ ಇಲ್ಲದ ಸಾದಾ ಒಂದೇ ಬಣ್ಣದ್ದು ಹುಡುಕಿ. ಅದು ಸಿಗುವುದೇ ಕಷ್ಟದ ಕೆಲಸ. ಚಿತ್ರದ ಮೇಲೆ ಎಲೆ ಹರಡಿದರೆ ನೋಡುವವರ ಕಣ್ಣು ಡ್ರ್ಯಾಗನ್ ಮೇಲೇ ಇರುತ್ತದೆ.

ಸ್ವೀಡ್ ಮ್ಯಾಟ್‌ಗೆ ಹೋಲಿಸಿದರೆ ಮೌಸ್ ಪ್ಯಾಡ್‌ನ ಹಿಡಿತ ಸ್ವಲ್ಪ ಕಡಿಮೆ. ಕಲಿಕೆಗೆ ಅದು ಅಡ್ಡಿಯಲ್ಲ.

ಮನೆಯಲ್ಲೇ ಇರುವುದನ್ನು ಬಳಸಬಹುದಾ? ಜಮಖಾನ, ಕಂಬಳಿ, ಯೋಗ ಮ್ಯಾಟ್, ಟವಲ್?

ಯೋಗ ಮ್ಯಾಟ್ ಮೆತ್ತಗಿದೆ, ತಗ್ಗುತ್ತದೆ, ಆದರೆ ಹಿಡಿತ ವಿಪರೀತ. ಕಾಲು ಜಾರದಿರಲಿ ಅಂತ ಮಾಡಿದ್ದು, ಎಲೆಯನ್ನೂ ಜಾರಲು ಬಿಡುವುದಿಲ್ಲ. ಅದನ್ನು ಕೆಳಗೆ ಹಾಕಿ ಮೇಲೊಂದು ದಪ್ಪ ಬಟ್ಟೆ ಸುಕ್ಕಿಲ್ಲದಂತೆ ಎಳೆದು ಕಟ್ಟಿದರೆ ಒಳ್ಳೆ ಮ್ಯಾಟ್ ಆಗುತ್ತದೆ. ಹಳೇ ಯೋಗ ಮ್ಯಾಟ್‌ಗೆ ಇದಕ್ಕಿಂತ ಒಳ್ಳೆ ಗತಿ ಇಲ್ಲ.

ಜಮಖಾನ ಬೇಡ. ನೇಯ್ಗೆಯ ಏಣುಗಳಿಗೆ ಎಲೆಯ ಮೂಲೆ ಸಿಕ್ಕಿಕೊಳ್ಳುತ್ತದೆ. ಟರ್ಕಿ ಟವಲ್ ಇನ್ನೂ ಕೆಟ್ಟದು, ಅದರ ಕುಣಿಕೆಗಳಲ್ಲಿ ಮೂಲೆ ಸಿಕ್ಕಿ ಮಡಚಿಕೊಳ್ಳುತ್ತದೆ. ಚಾಪೆಯ ವಿಷಯ ಹೇಳಲೇಬೇಕಾಗಿಲ್ಲ. ಕಂಬಳಿ ಮಾತ್ರ ಆಶ್ಚರ್ಯ ಹುಟ್ಟಿಸುತ್ತದೆ: ನಾಲ್ಕು ಮಡಿಕೆ ಹಾಕಿ ಟೇಬಲ್ ಮೇಲೆ ಹಾಸಿದರೆ ತಗ್ಗು, ಹಿಡಿತ ಎರಡೂ ಇದೆ. ಆದರೆ ಕೂದಲು ಉದುರಿಸುತ್ತದೆ, ಪ್ರತಿ ಎಲೆಗೂ ಒಂದೊಂದು ಎಳೆ ಅಂಟುತ್ತದೆ. ಹಳೇ ಕಂಬಳಿಯ ಮೇಲೆ ಬೆಡ್‌ಶೀಟ್ ಬಿಗಿಯಾಗಿ ಹೊದಿಸಿದರೆ ಆ ತೊಂದರೆ ತಪ್ಪುತ್ತದೆ. ಇಸ್ತ್ರಿ ಮಾಡಲು ಟೇಬಲ್ ಮೇಲೆ ಹಾಸುತ್ತೇವಲ್ಲ, ಥೇಟ್ ಹಾಗೆ. ಖರ್ಚಿಲ್ಲದೆ ಇವತ್ತೇ ಶುರು ಮಾಡಬೇಕು ಅಂದರೆ ಇದನ್ನೇ ಮಾಡಿ.

ಕೇರಂ ಬೋರ್ಡ್?

ಬೇಡ. ಬೋರಿಕ್ ಪೌಡರ್ ಉಜ್ಜಿದ ಬೋರ್ಡ್ ಮೇಲೆ ಎಲೆ ನಿಲ್ಲುವುದೇ ಇಲ್ಲ, ಬೋರ್ಡ್ ಇರುವುದೇ ಜಾರಲಿಕ್ಕೆ. ಪೌಡರ್ ಎಲೆಗಳಿಗೂ ಅಂಟಿ ಕೆಲವು ಜಾರುತ್ತವೆ, ಕೆಲವು ಜಾರುವುದಿಲ್ಲ. ಹಿಂದಿನ ಜಾದೂಗಾರರು ಬೀಸಣಿಗೆಯಂತೆ ಎಲೆ ಬಿಚ್ಚಲು ಜಿಂಕ್ ಸ್ಟಿಯರೇಟ್ ಪುಡಿ ಹಚ್ಚುತ್ತಿದ್ದರು ನಿಜ, ಆದರೆ ಅದನ್ನು ಎಲ್ಲ ಎಲೆಗೂ ಸಮವಾಗಿ ಹಚ್ಚುತ್ತಿದ್ದರು, ಮತ್ತು ಅದು ಬೇರೆ ಪುಡಿ.

ಒರೆಸಿದ ಬೋರ್ಡಿನ ಮೇಲೆ ಮ್ಯಾಟ್ ಹಾಸಬಹುದಲ್ಲ ಅಂತ ಕೇಳುತ್ತಾರೆ. ಸುತ್ತಲಿನ ಚೌಕಟ್ಟು ಎತ್ತರವಾಗಿರುವುದರಿಂದ ಮಣಿಕಟ್ಟು ಅದರ ಮೇಲೆ ಕೂರುತ್ತದೆ, ಬೆರಳು ಕೆಳಗಿಳಿಯಬೇಕಾಗುತ್ತದೆ. ಅರ್ಧ ಗಂಟೆಗೆ ಕೈ ನೋಯುತ್ತದೆ.

ನಾನೇ ಮಾಡಿಕೊಳ್ಳಬಹುದಾ?

ಖಂಡಿತ. ಒಂದು ಮಧ್ಯಾಹ್ನದ ಕೆಲಸ.

ಮೇಲಿನ ಬಟ್ಟೆಗೆ ಸೋಫಾ ಬಟ್ಟೆ ಮಾರುವ ಅಂಗಡಿಗೆ ಹೋಗಿ ಸ್ವೀಡ್ ಕೇಳಿ. ಬೆಂಗಳೂರಲ್ಲಾದರೆ ಚಿಕ್ಕಪೇಟೆ ಸುತ್ತಮುತ್ತ ಬಟ್ಟೆ, ಜೆ.ಸಿ. ರಸ್ತೆಯ ಕಡೆ ಕಾರ್ ಸೀಟ್ ಕವರ್ ಹೊಲಿಯುವವರ ಬಳಿ ಬಟ್ಟೆಯೂ ಫೋಮೂ ಸಿಗುತ್ತವೆ. ಮಿಕ್ಕ ಊರುಗಳಲ್ಲೂ ಸೀಟ್ ಕವರ್ ಹೊಲಿಯುವವರೊಬ್ಬರು ಇದ್ದೇ ಇರುತ್ತಾರೆ, ಅವರ ಹತ್ತಿರ ಉಳಿದ ತುಂಡು ಕೇಳಿದರೆ ಸಾಕು. ಸ್ಟೇಷನರಿ ಅಂಗಡಿಯ ತೆಳ್ಳಗಿನ ಫೆಲ್ಟ್ ಹಾಳೆ ಬೇಡ, ಬೇಗ ಗಂಟು ಗಂಟಾಗುತ್ತದೆ. ಸ್ನೂಕರ್ ಟೇಬಲ್ ಬಟ್ಟೆ ಬದಲಾಯಿಸುವಾಗ ಹಳೆಯದರ ಒಂದು ತುಂಡು ಸಿಕ್ಕರೆ ಬಿಡಬೇಡಿ, ಉಣ್ಣೆಯ ಆ ಬಟ್ಟೆ ಎಲೆಗೆ ಹೇಳಿ ಮಾಡಿಸಿದಂತಿರುತ್ತದೆ. ಕ್ಯೂ ಚುಚ್ಚಿದ ಜಾಗ ಬಿಟ್ಟು ಕತ್ತರಿಸಿಕೊಳ್ಳಿ.

ಕೆಳಗೆ 3 ಅಥವಾ 4 ಮಿಲಿಮೀಟರ್ ರಬ್ಬರ್ ಹಾಳೆ, ಇಲ್ಲವೇ ಇವಿಎ ಅನ್ನುವ ಹಗುರ ಪ್ಲಾಸ್ಟಿಕ್ಕಿನ ಫೋಮ್ ಹಾಳೆ. ಅಂಟಿಸಲು ಬಿಳಿ ಫೆವಿಕಾಲ್ ಬಳಸಬೇಡಿ. ಅದರಲ್ಲಿ ನೀರಿದೆ, ಬಟ್ಟೆಯೊಳಗೆ ಇಳಿದು ಒಣಗಿದ ಮೇಲೆ ಮೇಲ್ಭಾಗ ಹಪ್ಪಳದಂತೆ ಗಟ್ಟಿಯಾಗುತ್ತದೆ. ಫೆವಿಕಾಲ್ ಎಸ್‌ಆರ್ 998 ಥರದ ರಬ್ಬರ್ ಅಂಟು ತನ್ನಿ. ಬಟ್ಟೆಯ ಹಿಂಬದಿಗೂ ಫೋಮ್‌ಗೂ ತೆಳ್ಳಗೆ ಬಳಿದು, ಬೆರಳಿಗೆ ಅಂಟದಷ್ಟು ಒಣಗಲು ಬಿಟ್ಟು, ಆಮೇಲೆ ಮಧ್ಯದಿಂದ ಹೊರಗೆ ಒತ್ತುತ್ತಾ ಬನ್ನಿ. ಒಮ್ಮೆ ಮುಟ್ಟಿಸಿದರೆ ಕಿತ್ತು ಸರಿ ಮಾಡಲು ಆಗುವುದಿಲ್ಲ, ಹಾಗಾಗಿ ಬಟ್ಟೆ ಫೋಮಿಗಿಂತ ಎಲ್ಲ ಕಡೆ ಎರಡು ಇಂಚು ದೊಡ್ಡದಿರಲಿ. ವಾಸನೆ ಜೋರು. ಕಿಟಕಿ ತೆಗೆದಿಡಿ, ಒಲೆ ದೀಪ ಹತ್ತಿರ ಇರಬಾರದು. ಒಂದು ರಾತ್ರಿ ಭಾರ ಹೇರಿ ಬಿಡಿ, ಮರುದಿನ ಮಗುಚಿ ಹಾಕಿ ಫೋಮ್ ಕಡೆಯಿಂದ ಸ್ಟೀಲ್ ಸ್ಕೇಲ್ ಇಟ್ಟು ಕಟರ್‌ನಲ್ಲಿ ಅಳತೆಗೆ ಕತ್ತರಿಸಿ. ಕತ್ತರಿಯಲ್ಲಿ ಕತ್ತರಿಸಿದರೆ ಅಂಚು ಅಲೆ ಅಲೆಯಾಗಿ ಬರುತ್ತದೆ.

ಇವಿಎ ಫೋಮ್ ಟೇಬಲ್ ಮೇಲೆ ಜಾರುತ್ತದೆ. ಅಡುಗೆಮನೆ ಶೆಲ್ಫಿಗೆ ಹಾಸುವ ಬಲೆಯಂಥ ರಬ್ಬರ್ ಹಾಳೆ ಕೆಳಗಿಟ್ಟರೆ ನಿಲ್ಲುತ್ತದೆ.

ಎಡದಿಂದ ಬಲಕ್ಕೆ ಹರಡಿದರೆ ಚೆನ್ನಾಗಿ ಬರುತ್ತದೆ, ಬಲದಿಂದ ಎಡಕ್ಕೆ ಗುಂಪು ಕಟ್ಟುತ್ತದೆ. ಯಾಕೆ?

ಬಟ್ಟೆಯ ಕೂದಲು ಒಂದು ಕಡೆಗೆ ಮಲಗಿರುತ್ತದೆ, ಅದಕ್ಕೆ. ವೆಲ್ವೆಟ್, ಸ್ವೀಡ್ ಎರಡರಲ್ಲೂ ಇದು ಇದ್ದದ್ದೇ. ಸ್ನೂಕರ್ ಆಡುವವರಿಗೆ ಇದು ಹಳೇ ಕಥೆ, ಅವರ ಟೇಬಲ್ಲಿನ ಬಟ್ಟೆಯ ಕೂದಲೂ ಒಂದೇ ದಿಕ್ಕಿಗಿದ್ದು ನಿಧಾನವಾಗಿ ಹೋಗುವ ಚೆಂಡಿನ ದಾರಿಯನ್ನು ಬದಲಾಯಿಸುತ್ತದೆ.

ಅಂಗೈಯಿಂದ ಮ್ಯಾಟನ್ನು ಸವರಿ. ಒಂದು ದಿಕ್ಕಿಗೆ ಸವರಿದರೆ ಬಣ್ಣ ತಿಳಿಯಾಗಿ ನುಣ್ಣಗೆ ಹೋಗುತ್ತದೆ, ವಿರುದ್ಧ ದಿಕ್ಕಿಗೆ ಬಣ್ಣ ಗಾಢವಾಗಿ ಕೈಗೆ ತಡೆ ಸಿಗುತ್ತದೆ. ನುಣ್ಣಗೆ ಹೋಗುವ ದಿಕ್ಕು ನೀವು ಎಲೆ ಹರಡುವ ದಿಕ್ಕಿಗೆ ಸರಿಹೊಂದುವಂತೆ ಮ್ಯಾಟ್ ತಿರುಗಿಸಿ ಹಾಸಿ. ಹಿಂಬದಿ ಮೂಲೆಯಲ್ಲಿ ಪೆನ್ನಲ್ಲಿ ಒಂದು ಬಾಣದ ಗುರುತು ಹಾಕಿಟ್ಟರೆ ಪ್ರತಿ ಸಲ ಸವರುವ ಕೆಲಸ ಉಳಿಯುತ್ತದೆ.

ಹಾಗಂತ ಎಲ್ಲ ತಪ್ಪನ್ನೂ ಬಟ್ಟೆಯ ಮೇಲೆ ಹಾಕಬೇಡಿ. ಹರಡುವಾಗ ಕೈಯನ್ನು ಕೆಳಕ್ಕೆ ಒತ್ತಿದರೆ ಯಾವ ಮ್ಯಾಟ್ ಆದರೂ ಗುಂಪು ಕಟ್ಟುತ್ತದೆ. ಒತ್ತಡ ಹೆಬ್ಬೆರಳು, ಮಧ್ಯದ ಬೆರಳಿನದ್ದಲ್ಲ, ಅವು ಸುಮ್ನೆ ಕಟ್ಟನ್ನು ದಾರಿ ತಪ್ಪದಂತೆ ಹಿಡಿದಿರುತ್ತವೆ. ಕೆಲಸ ಮಾಡುವುದು ಪಕ್ಕದ ಅಂಚನ್ನು ಸವರುತ್ತಾ ಒಂದೊಂದೇ ಎಲೆ ಬಿಡುವ ತೋರುಬೆರಳು. ಹರಡುವ ಮೊದಲು ಕಟ್ಟನ್ನು ಸ್ವಲ್ಪ ಓರೆ ಮಾಡಿ, ಮೇಲಿನ ಎಲೆಗಳು ಹೊರಡುವ ದಿಕ್ಕಿಗೆ ಬಾಗಿರುವಂತೆ. ಅಷ್ಟರಲ್ಲೇ ಅರ್ಧ ಕೆಲಸ ಆಗಿರುತ್ತದೆ.

ಹಾಸಿಗೆ ಮೇಲೆ ಕೂತು ಮಾಡುತ್ತೇನೆ. ನೆಲದ ಮೇಲೆ ಕೂರುತ್ತೇನೆ. ತೊಂದರೆ ಇದೆಯಾ?

ಹಾಸಿಗೆ ತಗ್ಗುವುದು ಬೆರಳಿಗೆ ಬೇಕಾದಷ್ಟಲ್ಲ, ಇಡೀ ಕೈಗೆ. ಕಟ್ಟು ಓರೆಯಾಗಿ ಕೂರುತ್ತದೆ, ಇಟ್ಟ ಎಲೆಗಳು ನಿಮ್ಮ ಮೊಣಕಾಲಿನ ಕಡೆ ಜಾರಿ ಬರುತ್ತವೆ. ಹಾಸಿಗೆಯೇ ಬೇಕು ಅಂದರೆ ಮಕ್ಕಳ ಪರೀಕ್ಷೆ ಪ್ಯಾಡ್ ತಗೊಳ್ಳಿ. ಅದರ ಮೇಲೆ ಮೌಸ್ ಪ್ಯಾಡ್‌ನ ತುಂಡು ಅಂಟಿಸಿದರೆ ತೊಡೆಯ ಮೇಲೂ, ಬಸ್ಸಲ್ಲೂ, ರೈಲಿನ ಬರ್ತ್ ಮೇಲೂ ನಡೆಯುತ್ತದೆ. ಕ್ಲಿಪ್ ಇರುವ ಬದಿ ನಿಮ್ಮಿಂದ ದೂರಕ್ಕಿರಲಿ. ಪೂರ್ತಿ ಹರಡಲು ಜಾಗ ಸಾಲದು, ಮಿಕ್ಕಿದ್ದಕ್ಕೆಲ್ಲ ಸಾಕು.

ನೆಲದ ಮೇಲೆ ಕೂರುವುದು ಬೇರೆ ವಿಷಯ. ಚಕ್ಕಳಮಕ್ಕಳ ಹಾಕಿ ಕೂತು ನೆಲದ ಮೇಲಿನ ಮ್ಯಾಟ್‌ಗೆ ಬಾಗಿದರೆ ಬೆನ್ನು ಬೇಗ ಸೋಲುತ್ತದೆ. ಅದಕ್ಕಿಂತ ಮುಖ್ಯ, ಕೈಯನ್ನು ಮೇಲಿನಿಂದ ಕೆಳಕ್ಕೆ ನೋಡುವ ಅಭ್ಯಾಸವಾಗುತ್ತದೆ. ಟೇಬಲ್ಲಿಗೆ ಹೋದ ಮೇಲೆ ಎದುರಿನವರ ಕಣ್ಣು ಇರುವ ಕೋನವೇ ಬೇರೆ. ಕೂತು ಬರೆಯುವ ಡೆಸ್ಕ್ ಇದ್ದರೆ ಅದರ ಮೇಲೆ ಮ್ಯಾಟ್ ಹಾಸಿ, ಎದುರಿಗೊಂದು ಕನ್ನಡಿ ಇಡಿ. ಟೇಬಲ್ ಆದರೆ ಊಟದ ಟೇಬಲ್ಲಿನ ಎತ್ತರ ಸರಿ, ಮೊಣಕೈ ಮಡಚಿದಾಗ ಮುಂಗೈ ಮ್ಯಾಟಿಗೆ ಹೆಚ್ಚುಕಡಿಮೆ ಸಮವಾಗಿರಬೇಕು.

ರಾತ್ರಿ ಕಲೆಸುವ ಸದ್ದಿಗೆ ಮನೆಯವರು ಬೈಯುತ್ತಾರೆ.

ಯುಗಾದಿಗೆ ಎಲ್ಲರೂ ಕೂತು ಇಸ್ಪೀಟು ಆಡುವ ಮನೆಯಲ್ಲೂ ಮಿಕ್ಕ ದಿನ ಎಲೆ ಕಂಡರೆ ಬೈಗುಳವೇ. ಆ ಬೈಗುಳಕ್ಕೆ ಮ್ಯಾಟ್‌ನಲ್ಲಿ ಔಷಧಿ ಇಲ್ಲ. ಸದ್ದಿಗೆ ಅರ್ಧ ಇದೆ. ಕಟ್ಟನ್ನು ಟೇಬಲ್ಲಿಗೆ ತಟ್ಟಿ ಸಮ ಮಾಡುವ ಟಕ್ ಟಕ್ ಮ್ಯಾಟ್ ಮೇಲೆ ಕೇಳಿಸುವುದಿಲ್ಲ. ಎರಡು ಭಾಗ ಮಾಡಿ ಹೆಬ್ಬೆರಳಿಂದ ಬಿಡುತ್ತಾ ಕಲೆಸುವ ಟರ್ರ್ ಸದ್ದು ಎಲೆಗಳದ್ದೇ, ಅದು ಹಾಗೇ ಇರುತ್ತದೆ. ರಾತ್ರಿ ಹೊತ್ತು ಎತ್ತುವುದು, ಇಡುವುದು, ಹರಡುವುದು ಅಭ್ಯಾಸ ಮಾಡಿ, ಕಲೆಸುವುದು ಹಗಲಿಗಿರಲಿ.

ಬಣ್ಣ ಯಾವುದು? ಮೊಬೈಲಲ್ಲಿ ವಿಡಿಯೊ ಮಾಡುತ್ತೇನೆ.

ಹಸಿರು ಅಥವಾ ಬೂದು. ಎಲ್ಲರೂ ಕಪ್ಪು ತಗೊಳ್ಳುತ್ತಾರೆ, ಕಪ್ಪು ಕಣ್ಣಿಗೆ ಚೆನ್ನಾಗಿದೆ, ಮೊಬೈಲಿಗೆ ಅಲ್ಲ. ಚೌಕಟ್ಟಿನ ತುಂಬ ಕಪ್ಪಿದ್ದರೆ ಕ್ಯಾಮೆರಾ ಜಾಗ ಕತ್ತಲು ಅಂದುಕೊಂಡು ಬೆಳಕು ಹೆಚ್ಚಿಸುತ್ತದೆ, ಆಗ ಬಿಳಿ ಎಲೆಗಳು ಉರಿದು ಹೋಗಿ ಆಟೀನು ಯಾವುದು ಡೈಮಂಡ್ ಯಾವುದು ಅಂತಲೇ ಕಾಣುವುದಿಲ್ಲ. ಈಗಾಗಲೇ ಕಪ್ಪು ತಂದಿದ್ದರೆ ಪರದೆಯ ಮೇಲೆ ಬಿಳಿ ಎಲೆ ಇರುವ ಜಾಗವನ್ನು ಒತ್ತಿ ಹಿಡಿದು ಬೆಳಕನ್ನು ಲಾಕ್ ಮಾಡಿ. ಕಪ್ಪು ಮ್ಯಾಟ್ ಮೇಲೆ ಧೂಳು, ಕೂದಲು, ಬಿಸ್ಕತ್ತಿನ ಪುಡಿ ಎಲ್ಲ ಎದ್ದು ಕಾಣುತ್ತದೆ, ಅದು ಬೇರೆ.

ಕೆಂಪು ಬೆನ್ನಿನ ಎಲೆಗೆ ಕೆಂಪು ಮ್ಯಾಟ್, ನೀಲಿಗೆ ನೀಲಿ ಬೇಡ. ಬೋರಲು ಹರಡಿದಾಗ ನಡುವೆ ಅಂಗಾತ ಬಿದ್ದ ಒಂದು ಎಲೆ ಥಟ್ಟನೆ ಕಾಣಬೇಕು, ಆಟದ ಜೀವ ಅಲ್ಲಿದೆ.

ಪ್ಲಾಸ್ಟಿಕ್ ಎಲೆಗೂ ಕಾಗದದ ಎಲೆಗೂ ಬೇರೆ ಮ್ಯಾಟ್ ಬೇಕಾ?

ಬೇರೆ ಬೇಡ, ಆದರೆ ಪ್ಲಾಸ್ಟಿಕ್ಕಿಗೆ ಮ್ಯಾಟ್ ಇಲ್ಲದೆ ಆಗುವುದಿಲ್ಲ. ಗಟ್ಟಿ ಟೇಬಲ್ ಮೇಲೆ ಪೂರ್ತಿ ಪ್ಲಾಸ್ಟಿಕ್ ಎಲೆ ಸಿಕ್ಕಾಪಟ್ಟೆ ಜಾರುತ್ತದೆ. ಜಾದೂಗಾರರು ಹೆಚ್ಚು ಇಷ್ಟಪಡುವುದು ಕಾಗದದ್ದನ್ನೇ. 1885ರಿಂದ ಬರುತ್ತಿರುವ ಬೈಸಿಕಲ್ ಬ್ರ್ಯಾಂಡಿನ ಎಲೆಯನ್ನು ಬೆಳಕಿಗೆ ಓರೆಯಾಗಿ ಹಿಡಿದರೆ ಮೇಲೆ ಸಣ್ಣ ಸಣ್ಣ ಕುಳಿಗಳು ಕಾಣುತ್ತವೆ. ಎರಡು ಎಲೆಗಳ ನಡುವೆ ಗಾಳಿಗೆ ಜಾಗ ಬಿಡುವುದಕ್ಕೆ ಆ ಕುಳಿ, ಅದಕ್ಕೇ ಒಂದರ ಮೇಲೊಂದು ಸಲೀಸಾಗಿ ಓಡುತ್ತವೆ. ಎಲೆಗಳು ತಮ್ಮತಮ್ಮಲ್ಲಿ ಜಾರಬೇಕು, ಮ್ಯಾಟ್ ಮೇಲೆ ಜಾರಬಾರದು. ಊರಿನ ಅಂಗಡಿಯ ಅಗ್ಗದ ಬ್ರಿಡ್ಜ್ ಅಳತೆಯ ಎಲೆ 57 ಮಿಲಿಮೀಟರ್ ಅಗಲ, ಸಣ್ಣ ಕೈಯವರಿಗೆ ಶುರುವಿಗೆ ಅದೂ ಸರಿ.

ಮಳೆಗಾಲದಲ್ಲಿ ಎಲ್ಲ ಕೆಡುತ್ತದೆ. ಏನು ಮಾಡಲಿ?

ಮಂಗಳೂರು, ಉಡುಪಿ, ಮಲೆನಾಡಿನವರ ಪ್ರಶ್ನೆ ಇದು. ಕಾಗದದ ಎಲೆ ತೇವ ಹೀರಿ ಬಾಗುತ್ತದೆ, ದಪ್ಪವಾಗುತ್ತದೆ, ಹೊಸ ಪ್ಯಾಕ್ ಕೂಡ ಹಳತರಂತೆ ಎಳೆಯುತ್ತದೆ. ಮ್ಯಾಟ್‌ನ ಬಟ್ಟೆಯೂ ತೇವ ಹಿಡಿದು ಹಿಡಿತ ಜಾಸ್ತಿಯಾಗುತ್ತದೆ. ಬಿಟ್ಟರೆ ಬೂಷ್ಟು. ಅಭ್ಯಾಸ ಮುಗಿದ ಮೇಲೆ ಮ್ಯಾಟನ್ನು ಹಾಸಿದಲ್ಲೇ ಬಿಡದೆ ಫ್ಯಾನಿನ ಕೆಳಗೆ ಸ್ವಲ್ಪ ಹೊತ್ತು ನಿಲ್ಲಿಸಿ, ಒಣಗಿದ ಕಪಾಟಿನಲ್ಲಿಡಿ. ಎಲೆಗಳನ್ನು ಗಾಳಿಯಾಡದ ಡಬ್ಬಿಯಲ್ಲಿ, ಶೂ ಪೆಟ್ಟಿಗೆಯಲ್ಲಿ ಬರುವ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪ್ಲಾಸ್ಟಿಕ್ ಎಲೆಯಲ್ಲಿ ಅಭ್ಯಾಸ ಮಾಡುವುದೂ ಒಂದು ದಾರಿ, ಅದು ತೇವ ಹೀರುವುದಿಲ್ಲ.

ಯಾವಾಗಲೂ ಮ್ಯಾಟ್ ಮೇಲೇ ಮಾಡಿದರೆ ಮ್ಯಾಟ್ ಇಲ್ಲದ ಕಡೆ ಕೈ ಓಡುವುದಿಲ್ಲವಂತೆ. ನಿಜಾನಾ?

ನಿಜ, ಮತ್ತು ಇದನ್ನು ಜನ ಹಗುರವಾಗಿ ತೆಗೆದುಕೊಳ್ಳುತ್ತಾರೆ.

ದೊಡ್ಡವರು ಹೇಗಿದ್ದರು ನೋಡಿ. ಮ್ಯಾಕ್ಸ್ ಮಲಿನಿ ಅಂತ ಒಬ್ಬರಿದ್ದರು, 1942ರಲ್ಲಿ ತೀರಿಕೊಂಡರು. ಬಾರ್, ಔತಣಕೂಟ, ಯಾರದೋ ಊಟದ ಟೇಬಲ್, ಕೂತ ಜಾಗವೇ ಅವರಿಗೆ ರಂಗಸ್ಥಳ. ಊಟದ ಮಧ್ಯೆ ಟೋಪಿಯ ಕೆಳಗಿಂದ ದೊಡ್ಡ ಮಂಜುಗಡ್ಡೆ ತೆಗೆದು ತೋರಿಸುತ್ತಿದ್ದವರು ಅವರು. ಅಂಥವರು ಮ್ಯಾಟ್ ಹಾಸಿ ಕಾಯುತ್ತಾ ಕೂರಲು ಆಗುತ್ತದಾ? ಇನ್ನೊಂದು ಕಡೆ ಅರ್ಜೆಂಟೀನಾದ ರೆನೆ ಲವಾಂಡ್. ಚಿಕ್ಕಂದಿನಲ್ಲೇ ಅಪಘಾತದಲ್ಲಿ ಬಲಗೈ ಹೋಗಿತ್ತು, ಎಡಗೈ ಒಂದರಲ್ಲೇ ಎಲೆಗಳನ್ನು ನಿಧಾನವಾಗಿ, ಇನ್ನೂ ನಿಧಾನವಾಗಿ ಆಡಿಸುತ್ತಿದ್ದರು. ಎಲೆ ಇಡಲು, ಒತ್ತಿ ಹಿಡಿಯಲು, ಸಮ ಮಾಡಲು ಇನ್ನೊಂದು ಕೈ ಇಲ್ಲದವರಿಗೆ ಆ ಕೆಲಸವನ್ನೆಲ್ಲ ಟೇಬಲ್ಲೇ ಮಾಡಬೇಕು. ಟೋನಿ ಸ್ಲೈಡಿನಿ ಅಂತ ಇನ್ನೊಬ್ಬ ಹೆಸರಾಂತ ಜಾದೂಗಾರರಿದ್ದರು, ಅವರಿಗೆ ಬಟ್ಟೆಗಿಂತ ಟೇಬಲ್ಲಿನ ಅಂಚು ಮುಖ್ಯ, ಕುರ್ಚಿಯಲ್ಲಿ ಕೂತು ತೊಡೆಯ ಮೇಲಕ್ಕೆ ವಸ್ತು ಇಳಿಸುವುದರಲ್ಲಿ ಅವರನ್ನು ಮೀರಿಸಿದವರಿಲ್ಲ. ಅಂದರೆ ಮೇಲ್ಮೈ ಆರಿಸಬೇಕಾದ್ದು ನೀವು ಮಾಡುವ ಆಟ ನೋಡಿ, ಮತ್ತು ಎಲ್ಲಿ ಮಾಡುತ್ತೀರಿ ಅಂತ ನೋಡಿ.

ನನ್ನ ಸಲಹೆ ಹೀಗಿದೆ. ಹೊಸದು ಕಲಿಯುವುದು ಮ್ಯಾಟ್ ಮೇಲೆ. ಕೈಗೆ ಬಂತು ಅನಿಸಿದ ತಕ್ಷಣ ಮ್ಯಾಟ್ ತೆಗೆದು ಅದನ್ನೇ ಬರೀ ಟೇಬಲ್ ಮೇಲೆ, ಆಮೇಲೆ ಗಾಜಿನ ಮೇಲೆ, ಅಡುಗೆಮನೆಯ ಗ್ರಾನೈಟ್ ಕಟ್ಟೆಯ ಮೇಲೆ ಮಾಡಿ. ಎಲ್ಲಿ ಮುರಿಯುತ್ತದೆ ಅಂತ ಗೊತ್ತಾಗುತ್ತದೆ. ಕೆಲವು ಆಟಗಳು ಗಟ್ಟಿ ಮೇಲ್ಮೈ ಮೇಲೆ ಆಗುವುದೇ ಇಲ್ಲ, ಅವನ್ನು ಹೊರಗೆ ಮಾಡುವ ಪಟ್ಟಿಯಿಂದ ತೆಗೆದುಬಿಡಿ.

ಹೋಟೆಲಲ್ಲಿ ಗೆಳೆಯರು ತೋರಿಸು ಅಂತಾರೆ. ಟೇಬಲ್ ಒದ್ದೆ, ಸಾಂಬಾರು ಬಿದ್ದಿದೆ.

ಟೇಬಲ್ ಮುಟ್ಟಬೇಡಿ. ದರ್ಶಿನಿಯ ಸ್ಟೀಲ್ ಟೇಬಲ್ ಒರೆಸಿದ ಮೇಲೂ ಒದ್ದೆಯೇ. ಒಂದು ಹನಿ ತಾಗಿದ ಎಲೆ ಉಬ್ಬುತ್ತದೆ, ಆಮೇಲೆ ಇಡೀ ಕಟ್ಟಿನಲ್ಲಿ ಅದೊಂದೇ ಗುರುತು ಹಿಡಿಯುವ ಎಲೆಯಾಗುತ್ತದೆ. ಗೆಳೆಯರ ಅಂಗೈಯೇ ಟೇಬಲ್. "ಕೈ ಚಾಚು" ಅಂತ ಹೇಳಿ ಎಲೆಯನ್ನು ಅಲ್ಲಿಡಿ, ಇನ್ನೊಂದು ಕೈ ಮೇಲೆ ಮುಚ್ಚಿಸಿ. ತನ್ನ ಕೈಯೊಳಗೇ ಇಸ್ಪೀಟ್ ಎಕ್ಕ ಆಟೀನು ರಾಣಿಯಾದರೆ ಆಗುವ ಆಶ್ಚರ್ಯ ಟೇಬಲ್ ಮೇಲೆ ಆದಾಗ ಆಗುವುದಿಲ್ಲ. ಅಂಗೈಯೂ ಮೆತ್ತಗಿದೆ, ತಗ್ಗುತ್ತದೆ, ಹಿಡಿಯುತ್ತದೆ. ಮೊದಲು ಕೈ ತೊಳೆಸಿ ಅಷ್ಟೇ, ವಡೆ ತಿಂದ ಕೈ.

ನಾಣ್ಯದ ಆಟಕ್ಕೂ ಇದೇ ಮ್ಯಾಟ್ ಸಾಕಾ?

ಸಾಕು. ಬಿದ್ದ ನಾಣ್ಯ ಉರುಳಿ ಹೋಗುವುದಿಲ್ಲ, ಸದ್ದು ಆಗಬಾರದ ಕಡೆ ಆಗುವುದಿಲ್ಲ. ಸದ್ದೇ ಬೇಕಾದ ಆಟಕ್ಕೆ ಬರೀ ಮರದ ಟೇಬಲ್ ಮೇಲು.

ತೊಳೆಯುವುದು, ಸುತ್ತಿಡುವುದು ಹೇಗೆ?

ವಾಷಿಂಗ್ ಮಷೀನಿಗೆ ಹಾಕಬೇಡಿ, ಇಸ್ತ್ರಿ ಮುಟ್ಟಿಸಬೇಡಿ. ಧೂಳು, ಕೂದಲಿಗೆ ಅಗಲದ ಸೆಲ್ಲೋ ಟೇಪ್ ಅಂಟಿಸಿ ಕಿತ್ತರೆ ಸಾಕು. ಕಲೆಗೆ ಒದ್ದೆ ಬಟ್ಟೆ ಹಿಂಡಿ ಒರೆಸಿ ನೆರಳಲ್ಲಿ ಒಣಗಿಸಿ. ಬಿಸಿಲಿಗೆ ರಬ್ಬರ್ ಸೀಳುತ್ತದೆ, ಕಾರಿನ ಡಿಕ್ಕಿಯೂ ಅಷ್ಟೇ. ಹೊಸ ಮ್ಯಾಟ್‌ನ ರಬ್ಬರ್ ವಾಸನೆಗೂ ನೆರಳು, ಗಾಳಿ ಬಿಟ್ಟು ಬೇರೆ ಮದ್ದಿಲ್ಲ. ಆನ್‌ಲೈನಲ್ಲಿ ತರಿಸಿದ ಒಂದು ಕೆಂಪು ಮ್ಯಾಟ್ ಬಣ್ಣ ಬಿಟ್ಟು ನನ್ನ ಒಂದು ಪ್ಯಾಕ್‌ನ ಅಂಚನ್ನೆಲ್ಲ ಗುಲಾಬಿ ಮಾಡಿತ್ತು. ಹಾಗಾಗಿ ಹೊಸದನ್ನು ಮೊದಲು ಬಿಳಿ ಕರವಸ್ತ್ರ ಒದ್ದೆ ಮಾಡಿ ಒರೆಸಿ ನೋಡಿ.

ಆದಷ್ಟು ಚಪ್ಪಟೆಯಾಗಿ ಇಡಿ. ಸುತ್ತಲೇಬೇಕಾದರೆ ಬಟ್ಟೆ ಹೊರಗೆ ಬರುವಂತೆ ಸುತ್ತಿ. ಬಟ್ಟೆ ಒಳಗಾಗಿ ಸುತ್ತಿದರೆ ಬಿಚ್ಚಿದಾಗ ಎರಡೂ ತುದಿ ಮೇಲೆದ್ದು ನಿಲ್ಲುತ್ತವೆ. ಹೊರಗಾಗಿ ಸುತ್ತಿದರೆ ತುದಿಗಳು ಟೇಬಲ್ಲಿಗೆ ಒತ್ತಿಕೊಳ್ಳುತ್ತವೆ. ಮಡಚಬೇಡಿ, ಆ ಗೆರೆ ಹೋಗುವುದೇ ಇಲ್ಲ.

ಯಾವಾಗ ಬದಲಾಯಿಸಬೇಕು?

ನೀವು ಎಲೆ ಹರಡುವ ಜಾಗದಲ್ಲಿ ಒಂದು ಹೊಳೆಯುವ ಪಟ್ಟೆ ಕಾಣಿಸಿದರೆ ಬಟ್ಟೆಯ ಕೂದಲು ಸವೆದಿದೆ ಅಂತ. ಮ್ಯಾಟನ್ನು ನಿಮ್ಮ ಕಡೆಯ ಅಂಚು ಎದುರಿಗೆ ಹೋಗುವಂತೆ ತಿರುಗಿಸಿ, ಕೂದಲಿನ ದಿಕ್ಕು ಬದಲಾಗುವುದನ್ನು ಮಾತ್ರ ನೆನಪಿಟ್ಟುಕೊಳ್ಳಿ. ಅಲ್ಲೂ ಸವೆದು, ಒಂಟಿ ಎಲೆ ಎತ್ತಲು ಮತ್ತೆ ಉಗುರು ಬೇಕಾದಾಗ ಹೊಸದು ತನ್ನಿ. ಹಳೆಯದರ ಮೂಲೆಗಳು ಇನ್ನೂ ಚೆನ್ನಾಗಿರುತ್ತವೆ, ಪರೀಕ್ಷೆ ಪ್ಯಾಡಿನ ಅಳತೆಗೆ ಕತ್ತರಿಸಿಕೊಳ್ಳಿ.